ಅಂತೆ ಇಲ್ಲದ ಮಾತು

“ನೀರು ಕೆಂಪಗೆ ಹಬೆಯಾಡ್ತಿತ್ತಂತೆ ದಣಿ. ತೊಟ್ಟಿ ತುಂಬಾ! ಹುಡುಗೀನ ಅದರಲ್ಲಿ ಅದ್ದಿ ಹಿಂಡಿದ್ಳಂತೆ, ಒದ್ದೆ ಬಟ್ಟೆ ಹಿಂಡ್ತಾರಲ್ಲ, ಹಾಗೆ. ಆಮೇಲೆ ರಕ್ತಾನ ಗಡಿಗೆಗೆ ತುಂಬ್ಕೊಂಡು ಮೇಲೆ ಕೋಟೆಗೆ ಹೊತ್ಳಂತೆ.”

ಗಿರಣಿಯವನ ಹೆಂಡತಿ ಮಾರ್ಗಿತಾ ಇಷ್ಟು ಹೇಳಿ ಎದೆಯ ಮೇಲೆ ಕೈ ಇಟ್ಟುಕೊಂಡಳು. ಕೈಗೆ ಮೆತ್ತಿದ್ದ ಹಿಟ್ಟು ಅವಳ ಕಪ್ಪು ರವಿಕೆಯ ಮೇಲೆ ಬೆರಳುಗಳ ಸಮೇತ ಅಚ್ಚಾಯಿತು.

“ಕೋಟೆಗೆ ಯಾಕೆ?” ಗಾಶ್ಪಾರ್ ಕೇಳಿದ.

“ಅಯ್ಯೋ, ಇನ್ಯಾಕೆ? ಕೋಟೆ ದೊಡ್ಡಮ್ಮನೋರ ಸ್ನಾನಕ್ಕೆ! ಹುಡುಗೀರ ರಕ್ತದಲ್ಲಿ ಮಿಂದ್ರೆ ಚರ್ಮ ಸುಕ್ಕಾಗಲ್ವಂತೆ.”

“ಅವರ ಕೋಣೆಗೆ ಗೋಡೆ ಕಟ್ಟಿ ಮುಚ್ಚಿದ್ದಾರಲ್ಲ ಮಾರ್ಗಿತಕ್ಕ. ಇರೋದು ಊಟ ಕೊಡೋ ಕಿಂಡಿ. ಅದರಲ್ಲಿ ಒಂದು ರೊಟ್ಟಿ ತೂರೋದೇ ಕಷ್ಟ. ಗಡಿಗೆ ಹೇಗೆ ಹೋಯ್ತು?”

ಮಾರ್ಗಿತಾ ಕೈಯ ಹಿಟ್ಟು ಕೊಡವಿದಳು.

“ಲೋಟದಲ್ಲಿ ಮೊಗೆದು ಮೊಗೆದು ಕೊಟ್ಳಂತೆ.”

ಗಾಶ್ಪಾರನಿಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಲೋಟದ ಮಾತಿನ ಮೇಲೆ ನಾಳೆ ಬೆಳಿಗ್ಗೆ, ಚರ್ಚಿನ ಗಂಟೆ ಹೊಡೆದ ಮೇಲೆ, ಬಟ್ಟೆ ಒಗೆಯುವ ರೆಗೀನಾಳನ್ನು ಸುಡಲಿದ್ದರು.

ಓತಿಲ್ಕಾ ಎಂಬ ಹುಡುಗಿಯ ಹೆಣ ಗಿರಣಿ ಕಾಲುವೆಯ ಜೊಂಡಿನಲ್ಲಿ ಸಿಕ್ಕಿ ವಾರ ಕಳೆದಿರಲಿಲ್ಲ. ಹತ್ತೂ ಉಗುರುಗಳ ಕೆಳಗೆ ಸೂಜಿ ಚುಚ್ಚಿದ ಗಾಯ. ಹೋದ ಚಳಿಗಾಲದಲ್ಲಿ ಚೆಯ್ತೆ ಕೋಟೆಯ ಒಡತಿ ಬಾಥೊರಿ ಎರ್ಜೆಬೆತ್‌ಳನ್ನು ಸೆರೆ ಹಿಡಿದಾಗಲೂ ಕಣಿವೆಯ ಜನ ಇದೇ ಸೂಜಿಯ ಕತೆ ಹೇಳಿದ್ದರು. ಆದರೆ ಈಗ ಆಕೆ ಗೋಡೆಯೊಳಗಿದ್ದಾಳೆ. ಆಕೆಗೆ ನೆರವಾದ ಆಳುಗಳನ್ನು ಆಗಲೇ ಸುಟ್ಟು ಬೂದಿ ಮಾಡಿದ್ದಾರೆ. ಹಾಗಿದ್ದರೆ ಈ ಸೂಜಿ ಯಾರದು?

ಊರು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿತ್ತು. ಕೋಟೆಯ ಕಿಂಡಿಗೆ ಒಗೆದ ಬಟ್ಟೆ, ರೊಟ್ಟಿ ಹೊತ್ತುಕೊಂಡು ಹೋಗುತ್ತಿದ್ದವಳು ರೆಗೀನಾ. ಇನ್ಯಾರು ಮತ್ತೆ?

ಗಾಶ್ಪಾರ್ ಹೊರ್ಕಾಯ್ ಜಿಲ್ಲೆಯ ಪರವಾಗಿ ಕೊನೆಯ ವಿಚಾರಣೆಗೆ ಬಂದವನು. ಸುಡುವುದೋ ಬೇಡವೋ ಎಂಬ ಮಾತು ಇವತ್ತು ಸಂಜೆಯೊಳಗೆ ಅವನ ಬಾಯಿಂದ ಬರಬೇಕು. ಅವನ ಪಕ್ಕದಲ್ಲಿ ಕರೀ ನಿಲುವಂಗಿಯ ಬೆನೆದೆಕ್, ಸಾಕ್ಷಿಗಳ ಮಾತನ್ನು ಲ್ಯಾಟಿನ್‌ನಲ್ಲಿ ಬರೆದುಕೊಳ್ಳುವ ಬರವಣಿಗೆಯವನು. ದಪ್ಪ ಕೆನ್ನೆ, ಸಣ್ಣ ದನಿ. ಊರವರು ಅವನಿಗೆ ‘ಬರವಣಿಗೆ ದಣಿ’ ಎನ್ನುತ್ತಿದ್ದರು.

“ಮೊನ್ನೆ ಈಯಮ್ಮ ಹೇಳಿದ್ದನ್ನ ಏನಂತ ಬರ್ಕೊಂಡಿದ್ರಿ? ಓದಿ ನೋಡೋಣ,” ಎಂದ ಗಾಶ್ಪಾರ್.

ಬೆನೆದೆಕ್ ಗಂಟಲು ಸರಿಮಾಡಿಕೊಂಡ. “ರೆಗೀನಾ ಹುಡುಗಿಯನ್ನು ತೊಟ್ಟಿಯಲ್ಲಿ ಹಿಂಡಿದಳು. ರಕ್ತವನ್ನು ಕೋಟೆಗೆ ಹೊತ್ತಳು.”

“ಹಿಂಡಿದಳು?”

“ಹೂಂ.”

“ಹೊತ್ತಳು?”

“ಹೌದು ಗಾಶ್ಪಾರ್ ಅವ್ರೇ, ಯಾಕೆ?”

“ಅಂತೆ ಎಲ್ಲಿ ಹೋಯ್ತು?”

ಬೆನೆದೆಕ್‌ಗೆ ಅರ್ಥವಾಗಲಿಲ್ಲ, ಅಥವಾ ಆಗಲಿಲ್ಲ ಎನ್ನುವ ಹಾಗೆ ನೋಡಿದ.

ಗಾಶ್ಪಾರನ ತಾಯಿ ಇದೇ ಕಣಿವೆಯ ಹೆಂಗಸು. ಇಲ್ಲಿನ ಸ್ಲೊವಾಕರ ಬಾಯಲ್ಲಿ ಆ ಪದ ‘ವ್ರಾಯ್’; ನಮ್ಮ ಕಿವಿಗೆ ‘ಅಂತೆ’. ಅವನು ಚಿಕ್ಕವನಿದ್ದಾಗ ಹೊರಗಿನಿಂದ ಏನಾದರೂ ಸುದ್ದಿ ಹೊತ್ತು ಓಡಿಬಂದರೆ ಆಕೆ ಕಿವಿ ಹಿಡಿದು ಕೇಳುತ್ತಿದ್ದಳು, “ಕಣ್ಣಲ್ಲಿ ನೋಡಿದ್ಯಾ? ಇಲ್ವಾ? ಹಾಗಾದ್ರೆ ಅಂತೆ ಸೇರಿಸಿ ಹೇಳು.” ಈ ಜನ ಎಷ್ಟೇ ದೊಡ್ಡ ಸುಳ್ಳು ಹೇಳಲಿ, ಆ ಪುಟ್ಟ ಬಾಲವನ್ನು ಮಾತ್ರ ಕತ್ತರಿಸುವುದಿಲ್ಲ. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಕತ್ತರಿಸಿದ್ದು ಲ್ಯಾಟಿನ್.

“ನಿಮ್ಮ ಲ್ಯಾಟಿನ್‌ನಲ್ಲಿ ಅದಕ್ಕೊಂದು ಪದ ಇಲ್ವೇ ಬೆನೆದೆಕ್ ಅವ್ರೇ?”

“ಇದೆ. ಹಾಗಂತ ಈ ಹಳ್ಳಿಯವರ ಅಂತೆ ಕಂತೆಯನ್ನೆಲ್ಲ ಬರೀತಾ ಕೂತ್ರೆ ನನ್ನ ಬೆರಳು ಸವೆದುಹೋಗತ್ತೆ. ನ್ಯಾಯಾಧೀಶರಿಗೆ ಬೇಕಾಗಿರೋದು ಏನಾಯ್ತು ಅನ್ನೋದು.”

“ಏನಾಯ್ತು ಅಂತ ಇಲ್ಲಿ ಒಬ್ಬರೂ ಹೇಳಿಲ್ಲವಲ್ರೀ!”

ಬೆನೆದೆಕ್ ಭುಜ ಕುಣಿಸಿದ. ಓದಿದವರ ಸೋಮಾರಿತನ ಎಂದುಕೊಂಡ ಗಾಶ್ಪಾರ್. ಒಂದು ಪದವನ್ನು ಬರೆಯಲು ಬೇಜಾರಾದದ್ದಕ್ಕೆ ಒಂದು ಜೀವ ಬೆಂಕಿಗೆ ಬೀಳುತ್ತಿದೆ. ಹೋದ ಚಳಿಗಾಲದಲ್ಲಿ ಹೀಗೇ ಎಷ್ಟು ಬಾಲಗಳು ಉದುರಿದವೋ! ಕೋಟೆಯ ಒಡತಿ ಮುಗ್ಧೆ ಎಂದು ಅವನು ನಂಬಿದವನಲ್ಲ. ಆ ಮನೆಯಿಂದ ಕೈ ಊದಿಸಿಕೊಂಡು ಬಂದ ಹುಡುಗಿಯರನ್ನು ಕಣ್ಣಾರೆ ಕಂಡವರಿದ್ದರು. ಆದರೆ ಆಗ ಅಷ್ಟೊಂದು ಜನ ಏನೇನೋ ಹೇಳಿದರಲ್ಲ, ಹೊಡೆತ, ಸೂಜಿ, ಚಳಿಯಲ್ಲಿ ಸುರಿದ ತಣ್ಣೀರು, ಅವರಲ್ಲಿ ಒಬ್ಬರೂ ರಕ್ತದ ಸ್ನಾನದ ಮಾತೆತ್ತಿರಲಿಲ್ಲ.

ಅಂದರೆ ಇದು ಹಸುಗೂಸು ಕತೆ. ಈ ವಾರ ಹುಟ್ಟಿದ್ದು. ಹೆತ್ತವರು ಇಲ್ಲೇ ಎಲ್ಲೋ ಇರಬೇಕು.

“ಮಾರ್ಗಿತಕ್ಕ, ಕೆಂಪು ನೀರಿನ ವಿಷಯ ನಿಮಗೆ ಹೇಳಿದ್ದು ಯಾರು?”

“ಹೆಬ್ಬಾತು ಕಾಯೋ ವಾವ್ರೋ ತಾತ. ಅವನು ಕಣ್ಣಾರೆ ಕಂಡನಂತೆ!”

*

ವಾವ್ರೋ ತಾತ ಕೊಳದ ದಂಡೆಯಲ್ಲಿ, ಬಿಳೀ ಹೆಬ್ಬಾತುಗಳ ನಡುವೆ ಕುರಿಚರ್ಮದ ಕೋಟು ಹೊದ್ದು ಕೂತಿದ್ದ. ಎರಡು ಕಣ್ಣಲ್ಲೂ ಪೊರೆ.

“ಕೆಂಪು ನೀರು ನೋಡಿದ್ದು ನೀನಂತೆ ತಾತ?”

“ನಾನಾ?” ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಅಲ್ಲಪ್ಪಾ, ಹೆಬ್ಬಾತು ಬಂದು ಕಾಲಿಗೆ ಕಚ್ಚಿದ ಮೇಲೇ ನಂಗೆ ಗೊತ್ತಾಗೋದು, ಓ, ಇಲ್ಲೊಂದು ಹೆಬ್ಬಾತು ಐತೆ ಅಂತ. ಕೆಂಪು ಎಲ್ಲಿ ನೋಡ್ಲಿ?”

“ಮತ್ತೆ ಯಾರು ಹೇಳಿದ್ರು?”

“ಗಿರಣಿ ಮಾರ್ಗಿತಾ.”

ಗಾಶ್ಪಾರ್ ಕಣ್ಣು ಮುಚ್ಚಿ ತೆರೆದ. “ಅವಳು ನಿನ್ನ ಹೆಸರು ಹೇಳ್ತಾಳಲ್ಲೋ!”

“ಹೇಳ್ತಾಳೆ, ಹೇಳ್ತಾಳೆ. ನಾನಂದಿದ್ದು ಬರೀ ಹಬೆ. ಹೋದ ಭಾನುವಾರ ಬೆಳಿಗ್ಗೆ, ಚರ್ಚಿನ ಗಂಟೆ ಹೊಡೀತಾ ಇತ್ತು, ಹೆಬ್ಬಾತು ಹೊಡ್ಕೊಂಡು ರೆಗೀನಾ ಮನೆ ಹಿತ್ತಲಲ್ಲಿ ಬಂದೆ. ಕಿಟಕಿಯಿಂದ ಹಬೆ ಬಂದು ಮುಖಕ್ಕೆ ತಾಕ್ತು. ಬೆಚ್ಚಗಿತ್ತು. ಹಾಯ್ ಅನ್ನಿಸ್ತು. ಮಾರ್ಗಿತಾಗೆ ಅಷ್ಟೇ ಹೇಳ್ದೆ. ಸಂಜೆ ಹೊತ್ತಿಗೆ ಅವಳು ಅದಕ್ಕೆ ಕೆಂಪು ಬಳಿದು ನಂಗೇ ವಾಪಸ್ ತಂದ್ಲು. ಚೆನ್ನಾಗೇ ಇತ್ತು ಕೇಳೋಕೆ.”

ಈ ಮಾತಿಗೆ ಬಾಲವಿಲ್ಲ ಎಂಬುದನ್ನು ಗಾಶ್ಪಾರ್ ಗಮನಿಸಿದ. ಆದರೆ ಹಬೆ ತಾನೆ? ಬಟ್ಟೆ ಬೇಯಿಸುವವಳ ಮನೆಯಿಂದ ಹಬೆ ಬರದೆ ಇನ್ನೇನು ಬರುತ್ತದೆ?

“ಹಬೇನೂ ಬರೀಬೇಕಾ?” ಬೆನೆದೆಕ್ ನಿಲುವಂಗಿಗೆ ಅಂಟಿದ್ದ ಪುಕ್ಕವನ್ನು ಊದಿ ಹಾರಿಸುತ್ತಾ ಕೇಳಿದ.

“ಬರೀರಿ. ಇವತ್ತು ಕೇಳಿದ್ದರಲ್ಲಿ ಅಂತೆ ಇಲ್ಲದ ಮಾತು ಅದೊಂದೇ.”

ಬೆನೆದೆಕ್ ಶಾಯಿಯ ಕೊಂಬನ್ನು ಅಲ್ಲಾಡಿಸಿ ನೋಡಿದ. “ಶಾಯಿ ಗಟ್ಟಿಯಾಗಿದೆ. ಆಮೇಲೆ ಬರೀತೀನಿ.”

ಗಾಶ್ಪಾರ್ ಆಗಲೇ ಮುಂದೆ ನಡೆದಿದ್ದ. ಅವನ ಮನಸ್ಸು ಹಗುರಾಗಿತ್ತು. ಅವಳು ಇವನ ಕಡೆಗೆ ಬೆರಳು ತೋರಿಸುತ್ತಾಳೆ, ಇವನು ಅವಳ ಕಡೆಗೆ. ಕೆಂಪು ನೀರು ಎಂಬುದೇ ಇರಲಿಲ್ಲ. ಬರೀ ಬಾಯಿ. ಇನ್ನು ಮುಂದೆ ಈ ಊರಲ್ಲಿ ಅಂತೆ ಎಂದು ಮುಗಿಯುವ ಯಾವ ಮಾತನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬಾರದು ಎಂದು ತೀರ್ಮಾನ ಮಾಡಿಬಿಟ್ಟ.

ಒಂದೇ ಒಂದು ವಿಷಯ ಮಾತ್ರ ಹಲ್ಲಿಗೆ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಜೊಂಡಿನಿಂದ ಎತ್ತಿದಾಗ ಓತಿಲ್ಕಾಳ ಕೂದಲು ನುಣ್ಣಗೆ ಬಾಚಿ ಜಡೆ ಹಾಕಿತ್ತು. ಹೊಸ ಜಡೆ, ಬಿಗಿಯಾದ ಜಡೆ. ಸೂಜಿ ಚುಚ್ಚಿ ಕೊಲ್ಲುವವರು ಕೂತು ಜಡೆ ಹೆಣೆಯುತ್ತಾರೆಯೇ? ಈ ಮಾತನ್ನು ಅವನು ಬೆನೆದೆಕ್‌ನ ಹತ್ತಿರ ಬಿಟ್ಟರೆ ಯಾರ ಹತ್ತಿರವೂ ಆಡಿರಲಿಲ್ಲ.

*

ರೆಗೀನಾಳನ್ನು ಕೂಡಿಹಾಕಿದ್ದು ಬೆಟ್ಟದ ಬುಡದ ದ್ರಾಕ್ಷಾರಸದ ನೆಲಮಾಳಿಗೆಯಲ್ಲಿ. ದ್ರಾಕ್ಷಿ ಕೊಯ್ಲು ಮುಗಿದು ಊರೆಲ್ಲ ಹುಳಿಹುಳಿ ಸಿಹಿ ವಾಸನೆ. ಮಾಳಿಗೆಯ ಬಾಯಲ್ಲಿ ಗಾಡಿ ನಿಂತಿತ್ತು. ಕಾವಲಿನ ಮಾತೂಶ್ ಹುಳಿತು ನೊರೆಯೆದ್ದು ಕುದಿಯುತ್ತಿದ್ದ ಹೊಸ ರಸದ ಪೀಪಾಯಿಗಳನ್ನು ಒಂದೊಂದಾಗಿ ಉರುಳಿಸಿ ಒಳಗೆ ಇಳಿಸುತ್ತಿದ್ದ. ಒಳಗಿನಿಂದ ಗುಳುಗುಳು ಸದ್ದು.

“ಮನುಷ್ಯರನ್ನ ಕೂಡಿಹಾಕಿದ ಕಡೆ ರಸ ಇಳಿಸ್ತಿದ್ದೀಯಲ್ಲೋ?”

“ನಾನೂ ಅದನ್ನೇ ಕೇಳ್ದೆ ದಣಿ. ಬೇರೆ ಮಾಳಿಗೆ ಖಾಲಿ ಐತೆ. ಆದ್ರೂ ಇಲ್ಲೇ ಹಾಕು ಅಂದ್ರಂತೆ.”

“ಯಾರು?”

“ಬರವಣಿಗೆ ದಣಿ ಅಂದ್ರಂತೆ. ಗಾಡಿಯವ್ನು ಹೇಳ್ದ.”

ಗಾಶ್ಪಾರ್ ಜೋರಾಗಿ ನಕ್ಕುಬಿಟ್ಟ. “ಕೇಳಿದ್ರಾ ಬೆನೆದೆಕ್ ಅವ್ರೇ? ನಿಮ್ಮನ್ನೂ ಬಿಟ್ಟಿಲ್ಲ ಈ ಅಂತೆ!”

ಬೆನೆದೆಕ್ ಕೂಡ ನಕ್ಕ. ಸ್ವಲ್ಪ ತಡವಾಗಿ.

ಮಾತೂಶ್ ಒಂದು ಮೇಣದ ಬತ್ತಿಯನ್ನು ಹಗ್ಗಕ್ಕೆ ಕಟ್ಟಿ ಮೆಟ್ಟಿಲ ಪಕ್ಕದಿಂದ ಮೆಲ್ಲಗೆ ಕೆಳಗೆ ಬಿಟ್ಟ. ರಸ ಕುದಿಯುವ ಕಾಲದಲ್ಲಿ ಹಾಗೆ ಮಾಡದೆ ಆ ಕಣಿವೆಯಲ್ಲಿ ಯಾರೂ ಮಾಳಿಗೆಗೆ ಇಳಿಯುವುದಿಲ್ಲ. ನೆಲ ಮುಟ್ಟಿದ ಬತ್ತಿ ಉರಿದರೆ ಸರಿ. ನಂದಿದರೆ, ಹುಳಿಯುವ ರಸ ಬಿಡುವ ಕೆಟ್ಟ ಗಾಳಿ ಕೆಳಗೆ ಮಡುಗಟ್ಟಿದೆ ಎಂದು ಅರ್ಥ. ಒಳಗಿರುವವರು ನಿದ್ದೆ ಬಂದ ಹಾಗೆ ಒರಗಿ, ಹಾಗೆಯೇ ಹೋಗುತ್ತಾರೆ. ಹಾಗೆ ಹೋದವರು ಪ್ರತಿ ಮನೆಯಲ್ಲೂ ಇದ್ದರು.

ಬತ್ತಿ ಉರಿಯಿತು.

“ಈಗ ಪರವಾಗಿಲ್ಲ, ಇಳೀರಿ,” ಎಂದ ಮಾತೂಶ್. “ಇಷ್ಟು ಪೀಪಾಯಿ ಬಂದ್ಮೇಲೆ ಇನ್ನೆಷ್ಟು ಹೊತ್ತೋ. ಅವಳಿಗೇನು, ನಾಳೆ ಬೆಳಿಗ್ಗೆ ತನಕ ತಾನೆ.”

“ನೀವು ಇಲ್ಲೇ ಇರಿ ಬೆನೆದೆಕ್ ಅವ್ರೇ. ಒಳ್ಳೆ ಸುದ್ದಿ ಹೇಳೋಕೆ ಬರವಣಿಗೆ ಬೇಡ.”

ಗಾಶ್ಪಾರ್ ಬತ್ತಿ ಹಿಡಿದು ಒಬ್ಬನೇ ಇಳಿದ. ಕಾಲಿಗೆ ಸರಪಳಿ ಹಾಕಿಸಿಕೊಂಡು, ಬೋರಲು ಹಾಕಿದ ತೊಟ್ಟಿಯ ಮೇಲೆ ರೆಗೀನಾ ಕೂತಿದ್ದಳು. ದೊಡ್ಡ ತೋಳುಗಳ ಹೆಂಗಸು. ಬೂದಿನೀರಿಗೆ ಸುಲಿದು ಒಡೆದ ಕೈಗಳು.

“ಬಂದ್ರಾ ದಣಿ? ಸೌದೆ ಒಣಗೈತೋ ಇಲ್ವೋ ನೋಡ್ಕೊಂಡು ಬಂದ್ರಾ? ಹಸಿ ಸೌದೆ ಒಟ್ಬೇಡಿ ಅಂತ ಹೇಳಿ. ಹೊಗೆ ಆದ್ರೆ ನಂಗೆ ಕೆಮ್ಮು.”

“ಸೌದೆ ಬೇಡ ರೆಗೀನಾ. ನೀನು ನಾಳೆ ಮನೆಗೆ ಹೋಗ್ತೀಯ.”

ಅವನು ಬತ್ತಿಯನ್ನು ಅವಳ ಪಾದದ ಹತ್ತಿರ ಕೊನೆಯ ಮೆಟ್ಟಿಲ ಮೇಲೆ ಮೇಣ ತೊಟ್ಟಿಕ್ಕಿಸಿ ನಿಲ್ಲಿಸಿದ. ಮಾರ್ಗಿತಾಳ ಲೋಟದ ಕತೆ, ವಾವ್ರೋನ ಹೆಬ್ಬಾತಿನ ಕತೆ ಎಲ್ಲ ಹೇಳಿದ. ಹೇಳುತ್ತಾ ಹೇಳುತ್ತಾ ಅವನ ದನಿಯಲ್ಲಿ ಹೆಮ್ಮೆ ಏರಿತು.

“ಎಲ್ಲಾ ಅಂತೆ! ನೋಡಿದವರು ಒಬ್ಬರೂ ಇಲ್ಲ. ಆ ಹುಡುಗಿ ನಿನ್ನ ಮನೆಗೆ ಬರಲೇ ಇಲ್ಲ, ಕೆಂಪು ನೀರೂ ಇರಲಿಲ್ಲ, ಏನೂ ಇರಲಿಲ್ಲ ಅಂತ ನಾನು ಹೇಳ್ತೀನಿ. ಅಷ್ಟು ಸಾಕು. ನಂಗೆ ಬಗೆಹರೀದೆ ಇರೋದು ಒಂದೇ. ಸತ್ತ ಹುಡುಗಿಗೆ ಯಾರು ಜಡೆ ಹಾಕಿದ್ರು ಅಂತ.”

ರೆಗೀನಾ ಹಣೆ ಉಜ್ಜಿಕೊಂಡಳು. “ತಲೆ ಭಾರ ದಣಿ. ಮಧ್ಯಾಹ್ನದಿಂದ ಕಣ್ಣು ಎಳೀತೈತೆ.” ಆಮೇಲೆ, ಅದೇ ದನಿಯಲ್ಲಿ, “ನಾನು ಹಾಕ್ದೆ,” ಎಂದಳು.

“ಏನು?”

“ಜಡೆ. ನಾನೇ ಹಾಕಿದ್ದು.”

ಗುಳುಗುಳು ಸದ್ದು ಒಂದು ಕ್ಷಣ ನಿಂತ ಹಾಗಾಯಿತು ಗಾಶ್ಪಾರನಿಗೆ.

“ಏನೂ ಇರಲಿಲ್ಲ ಅಂತ ಮಾತ್ರ ಹೇಳ್ಬೇಡಿ ದಣಿ. ಆ ಮಗು ನನ್ನ ಕೈಯಲ್ಲಿ ಸತ್ತೈತೆ. ಭಾನುವಾರ ಬೆಳಿಗ್ಗೆ. ಉಸಿರಿತ್ತು. ಕೈಕಾಲು ಕಲ್ಲಿನ ಥರ ತಣ್ಣಗಿದ್ವು. ತೊಟ್ಟೀಲಿ ಬಿಸಿನೀರು ಹಾಕಿ ಕೂರಿಸ್ದೆ. ಬೆರಳೆಲ್ಲ ರಕ್ತ. ಬೆನ್ನು... ಬೆನ್ನು ಬೇಡ ಬಿಡಿ. ನೀರು ಕೆಂಪಗಾಯ್ತು. ಹಬೆಯಾಡ್ತಿತ್ತು. ಕೆಂಪಗೆ, ಹಬೆಯಾಡ್ತಿತ್ತು.”

ಅಂತೆ ಇಲ್ಲ. ಒಂದರಲ್ಲೂ ಇಲ್ಲ.

ದಿನವಿಡೀ ಊರು ಸುತ್ತಿ, ಇರಲೇ ಇಲ್ಲ ಎಂದು ಸಾಧಿಸಿದ ನೀರು ಗಾಶ್ಪಾರನ ಕಣ್ಣೆದುರು ಕುದಿಯತೊಡಗಿತು. ಭಾನುವಾರ! ವಾವ್ರೋ ಭಾನುವಾರ ಎಂದಿದ್ದನಲ್ಲ. ಭಾನುವಾರ ಗಂಟೆ ಹೊಡೆಯುವ ಹೊತ್ತಿಗೆ, ಎಲ್ಲರೂ ಕೆಲಸ ಬಿಟ್ಟು ಚರ್ಚಿಗೆ ಹೋಗುವಾಗ, ಈ ಕಣಿವೆಯಲ್ಲಿ ಬಟ್ಟೆ ಬೇಯಿಸುವವರು ಯಾರು? ಆ ಹಬೆಯನ್ನು ತಾನು ಹೇಗೆ ದಾಟಿ ಬಂದೆ?

“‘ಅಮ್ಮಾ, ಬೆಚ್ಚಗೈತೆ’ ಅಂದ್ಲು,” ರೆಗೀನಾ ಮುಂದುವರಿಸಿದಳು. “ನಂಗಲ್ಲ, ಅವಳಮ್ಮ ಅಂದ್ಕೊಂಡು. ‘ಜಡೆ ಹಾಕು’ ಅಂದ್ಲು. ಅರ್ಧ ಹಾಕೋ ಹೊತ್ತಿಗೆ ಹೋದ್ಲು. ಮಿಕ್ಕರ್ಧ ಆಮೇಲೆ ಹಾಕ್ದೆ. ಅರ್ಧ ಜಡೇಲಿ ಹೇಗೆ ಕಳಿಸೋದು, ಹೇಳಿ?”

“ಮತ್ತೆ ಕಾಲುವೆಗೆ ಯಾಕೆ ಹಾಕಿದೆ?”

“ನಾನು ಹಾಕಲಿಲ್ಲ! ಕತ್ತಲಾದ್ಮೇಲೆ ಎತ್ಕೊಂಡು ಹೋದ್ರು. ಬೆಳಿಗ್ಗೆ ನನ್ನ ಬಾಗಿಲಿಗೆ ತಂದು ಹಾಕಿದವ್ರೇ ಮತ್ತೆ ಬಂದು ಎತ್ಕೊಂಡು ಹೋದ್ರು. ಬಾಯಿ ಬಿಟ್ರೆ ನಿನ್ನನ್ನೇ ಸುಡಿಸ್ತೀನಿ ಅಂದ್ರು. ಸುಡಿಸ್ತಾನೂ ಇದ್ದಾರೆ, ಅಲ್ವಾ?”

“ಯಾರು?” ಗಾಶ್ಪಾರ್ ಅವಳ ಒಡೆದ ಕೈ ಹಿಡಿದುಕೊಂಡ. “ರೆಗೀನಾ, ಯಾರು ತಂದು ಹಾಕಿದ್ರು?”

ಅವಳು ತಲೆಯೆತ್ತಿದಳು. ಬಾಯಿ ತೆರೆಯಿತು. ಆದರೆ ಕಣ್ಣು ಅವನ ಮುಖದ ಮೇಲೆ ನಿಲ್ಲಲಿಲ್ಲ. ಅವನ ಹೆಗಲು ದಾಟಿ, ಮೆಟ್ಟಿಲು ಹತ್ತಿ, ಮೇಲೆಲ್ಲೋ ಹೋಗಿ ನೆಟ್ಟಿತು. ಅವನ ಹಿಡಿಯೊಳಗಿದ್ದ ಕೈ ಕಲ್ಲಾಯಿತು.

“ಯಾರೋ ಬಂದಿದ್ರಂತೆ ದಣಿ,” ಎಂದಳು.

ಗಾಶ್ಪಾರ್ ತಿರುಗಲಿಲ್ಲ. ತಿರುಗುವ ಧೈರ್ಯ ಬರಲಿಲ್ಲ. ತನ್ನ ಹೊಸ್ತಿಲಲ್ಲಿ ತಾನೇ ಕಂಡದ್ದಕ್ಕೆ ಈ ಕಣಿವೆಯಲ್ಲಿ ಯಾರೂ, ಚಿಕ್ಕ ಮಗುವೂ ಕೂಡ, ಅಂತೆ ಸೇರಿಸುವುದಿಲ್ಲ.

“ಬಂದಿದ್ರಂತೆ,” ಅವಳು ಇನ್ನೊಮ್ಮೆ, ಬೇಡುವ ದನಿಯಲ್ಲಿ ಹೇಳಿದಳು. “ನಂಗೆ ಗೊತ್ತಿಲ್ಲ. ಎಲ್ಲಾ ಅಂತೆ.”

ಮೆಟ್ಟಿಲುಗಳ ಮೇಲಿನಿಂದ ಲೆಕ್ಕಣಿಕೆ ಕಾಗದದ ಮೇಲೆ ಗೀಚುವ ಸದ್ದು ಕೇಳಿತು. ಶಾಯಿ ಗಟ್ಟಿಯಾಗಿರಲಿಲ್ಲ.

“ಬರ್ಕೊಂಡೆ ಗಾಶ್ಪಾರ್ ಅವ್ರೇ,” ಎಂದ ಬೆನೆದೆಕ್, ಅದೇ ಸಣ್ಣ ದನಿಯಲ್ಲಿ. “ನೀವು ಹೇಳಿದ ಹಾಗೇ. ಈ ಸಲ ‘ಅಂತೆ’ನೂ ಸೇರಿಸಿದ್ದೀನಿ.”

ಬೇರೆ ಮಾಳಿಗೆ ಖಾಲಿ ಐತೆ. ಇಲ್ಲೇ ಹಾಕು ಅಂದ್ರಂತೆ. ಬರವಣಿಗೆ ದಣಿ ಅಂದ್ರಂತೆ. ಮಾತೂಶ್‌ನ ಮಾತು ಗಾಶ್ಪಾರನ ಕಿವಿಯಲ್ಲಿ ಈಗ, ಇಷ್ಟು ತಡವಾಗಿ, ಬಿಚ್ಚಿಕೊಂಡಿತು. ಇಡೀ ದಿನದಲ್ಲಿ ತಾನು ನಕ್ಕು ಬಿಟ್ಟ ಅಂತೆ ಅದೊಂದೇ.

ರೆಗೀನಾಳ ತಲೆ ಮೆಲ್ಲಗೆ ಅವನ ತೋಳಿಗೆ ಒರಗಿತು, ನಿದ್ದೆ ಬಂದವರ ಹಾಗೆ. ಅವಳ ಪಾದದ ಹತ್ತಿರ, ಇನ್ನೂ ಅರ್ಧಕ್ಕಿಂತ ಹೆಚ್ಚು ಮೇಣ ಉಳಿದಿದ್ದ ಬತ್ತಿಯ ಜ್ವಾಲೆ ನೀಲಿಯಾಗಿ ಕುಗ್ಗಿ, ಗಾಳಿಯ ಒಂದು ಎಳೆಯೂ ಅಲುಗದೆ, ನಂದಿಹೋಯಿತು.